ಆಟಿ ಕಳೆಯಲೆಂದು ಕಾದ ಚೆಕ್ಕು

ಚೆಕ್ಕು ವಾಪಸು ಬಂದ ದಿನ ನನ್ನ ಸಿಟ್ಟು ನೆತ್ತಿಗೇರಿತ್ತು. ಕಾಪುವಿನ ನಮ್ಮ ಐಸ್ ಪ್ಲಾಂಟಿನಿಂದ ಸೀಸನ್ನಿಡೀ ಸಾಲಕ್ಕೆ ಐಸ್ ಒಯ್ದಿದ್ದ ಪಡುಬಿದ್ರಿಯ ಮೀನಿನ ವ್ಯಾಪಾರಿ, ಮಳೆಗೆ ಬೋಟುಗಳು ದಡ ಸೇರಿದ ಮೇಲೆ "ಲೆಕ್ಕ ಚುಕ್ತಾ ಅಕ್ಕಾ" ಎಂದು ನಗುನಗುತ್ತಾ ಕೊಟ್ಟ ಚೆಕ್ಕು ಅದು. ಆ ಹಣದಲ್ಲಿ ಹಾಳಾದ ಕಂಪ್ರೆಸರ್ ಬದಲಾಯಿಸಬೇಕಿತ್ತು. ಇಲ್ಲದಿದ್ದರೆ ಮುಂದಿನ ಸೀಸನ್ನಿಗೆ ಐಸ್ ಇಲ್ಲ, ಗಿರಾಕಿಗಳು ಬೇರೆ ಪ್ಲಾಂಟಿಗೆ ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ನಮ್ಮ ಅನ್ನವೆಂದರೆ ಆ ಪ್ಲಾಂಟೇ.

ಉಡುಪಿಯ ವಕೀಲರು ಬ್ಯಾಂಕಿನ ಚೀಟಿ ನೋಡಿ, "ಮೂವತ್ತು ದಿನದೊಳಗೆ ನೋಟಿಸ್ ಹೋಗ್ಬೇಕು. ನಾಳೆಯೇ ಬಂದು ಸಹಿ ಹಾಕಿ" ಎಂದರು.

ಆದರೆ ಆಗಷ್ಟೇ ಆಟಿ ತಿಂಗಳು ಹುಟ್ಟಿತ್ತು. "ಆಟಿಯಲ್ಲಿ ಯಾರಾದ್ರೂ ಹೊಸ ಕೆಲಸ ಸುರು ಮಾಡ್ತಾರಾ? ಅದೂ ಕೋರ್ಟಿನ ಕೆಲಸ!" ಎಂದು ಅತ್ತೆ ಹೌಹಾರಿದರು. "ಆಟಿ ಕಳೆದು ಸೋಣ ತಿಂಗಳು ಬರಲಿ ಮಗಾ. ಗೆಲ್ಲುವ ಕೇಸನ್ನು ಸೋಲುವುದು ಯಾಕೆ?" ನಾನು ಕಾರ್ಕಳದಲ್ಲಿ ಡಿಗ್ರಿ ಮಾಡಿದವಳು. ಆದರೂ ಮದುವೆಯಿಲ್ಲದ, ಗೃಹಪ್ರವೇಶವಿಲ್ಲದ ತಿಂಗಳಲ್ಲಿ ವಕೀಲರ ನೋಟಿಸು ಸರಿಯಲ್ಲ ಎಂದು ನನಗೂ ಅನ್ನಿಸಿತು.

ಸೋಣ ಬಂತು. ಒಳ್ಳೆಯ ದಿನ ನೋಡಿ, ತಲೆಗೆ ಮಿಂದು, ಹೊಸ ಸೀರೆ ಉಟ್ಟು ಹೋದೆ. ವಕೀಲರು ತಾರೀಕು ನೋಡಿ ತಲೆಯ ಮೇಲೆ ಕೈ ಹೊತ್ತರು.

"ಎಂತ ಮಾಡಿದ್ದು ಮಾರಾಯ್ರೆ ನೀವು! ಕಾನೂನಿಗೆ ಆಟಿ ಉಂಟಾ?"

"ಇನ್ನು ಎಂತ ದಾರಿ?"

"ಚೆಕ್ಕಿಗೆ ಇನ್ನೂ ಮೂರು ತಿಂಗಳು ಆಗ್ಲಿಲ್ಲ. ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಪುನಃ ಬೌನ್ಸ್ ಆದ್ರೆ ಅಲ್ಲಿಂದ ಹೊಸದಾಗಿ ಮೂವತ್ತು ದಿನ ಸಿಗ್ತದೆ."

ಚೆಕ್ಕನ್ನು ಬ್ಯಾಂಕಿಗೆ ಹಾಕಿ, ಮನೆಗೆ ಬರುವ ದಾರಿಯಲ್ಲಿ ಅಂಬಲಪಾಡಿಯ ದೇವಸ್ಥಾನದ ಬಳಿ ಬಸ್ಸಿಳಿದು, ದೇವಿಯ ಮುಂದೆ ಕಣ್ಣು ಮುಚ್ಚಿ, "ಅಮ್ಮಾ, ಹೇಗಾದರೂ ಇದು ಬೌನ್ಸ್ ಆಗಲಿ" ಎಂದು ಬೇಡಿಕೊಂಡೆ. ಬಸ್ಸು ಅರ್ಧ ದಾರಿ ಬಂದ ಮೇಲೆ, ಚೆಕ್ಕು ಪಾಸಾದರೆ ನನ್ನ ಹಣ ನನಗೆ ಬರುತ್ತಿತ್ತಲ್ಲ ಎಂದು ಹೊಳೆಯಿತು! ಅಯ್ಯೋ ಪೆದ್ದೇ, ಎಂದು ನನ್ನನ್ನು ನಾನೇ ಬೈದುಕೊಂಡೆ. ಆದರೆ ಮೊರೆ ಅಷ್ಟರಲ್ಲಿ ಮುಟ್ಟಿತ್ತು. ಚೆಕ್ಕು ವಾಪಸು ಬಂತು.

ಕೇಸು ಎರಡು ಸೀಸನ್ ನಡೆಯಿತು. ತಾರೀಕಿದ್ದ ದಿನ ನಾನು ಕಾಪುವಿನಲ್ಲಿ ಬಸ್ಸು ಹತ್ತಿದರೆ ಆಸಾಮಿ ಪಡುಬಿದ್ರಿಯಿಂದ ಬಂದು ಅದರಲ್ಲೇ ಕುಳಿತಿರುತ್ತಿದ್ದ. "ಅಕ್ಕನದ್ದೂ ಸೇರಿಸಿ ಎರಡು ಉಡುಪಿ ಕೊಡಿ" ಎಂದು ಕಂಡಕ್ಟರನಿಗೆ ಹಣ ಕೊಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಊರವರ ಎದುರು, ಗುರುತಿನವರು ಕೊಟ್ಟ ಟಿಕೆಟನ್ನು ಬೇಡವೆನ್ನುವುದು ಹೇಗೆ? ಅವನ ಟಿಕೆಟಿನಲ್ಲೇ ಹೋಗಿ ಅವನ ಮೇಲೆ ಸಾಕ್ಷಿ ಹೇಳಿ ಬಂದೆ. ಕೋರ್ಟಿನ ಹೊರಗೆ ಚಹಾವೂ ಅವನದ್ದೇ. ನನ್ನ ಬಾಕಿಯೊಂದನ್ನು ಬಿಟ್ಟು ಬೇರೆಲ್ಲದಕ್ಕೂ ಕೈ ಧಾರಾಳ.

ಪ್ಲಾಂಟು ಬಾಗಿಲು ಹಾಕಿಕೊಂಡೇ ಇತ್ತು. ಒಮ್ಮೆ ಗುಡಿಸಲೆಂದು ಒಳಗೆ ಹೋದವಳು ಸೆಕೆಗೆ ಬೆವರಿಬಿಟ್ಟೆ. ಐಸ್ ಪ್ಲಾಂಟಿನೊಳಗೆ ಬೆವರುವುದೆಂದರೆ! ಅಲ್ಲೇ ನೆಲದ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ.

ಕಡೆಗೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅವನು ಮೊದಲು ಕಿಸೆಯಿಂದ ತೆಗೆದದ್ದು ಚೆಕ್ ಪುಸ್ತಕ! ಗಂಭೀರವಾಗಿ ಕುಳಿತಿದ್ದ ನ್ಯಾಯಾಧೀಶರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಪೂರ್ತಿ ಹಣ ತಂದು ಕಟ್ಟಿದ. ಇಬ್ಬರೂ ದೊಡ್ಡ ಮನಸ್ಸು ಮಾಡಿದಿರಿ ಎಂದು ಅಲ್ಲಿದ್ದವರು ಹೊಗಳಿದರು. ನನ್ನ ಹಣ ನಾನು ಪಡೆದುಕೊಳ್ಳಲು ದೊಡ್ಡ ಮನಸ್ಸು ಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊಸ ಕಂಪ್ರೆಸರ್ ಕುಳಿತಿತು. ಮೊದಲ ಐಸ್ ಗಡ್ಡೆಗಳು ಹೊರಬಂದಾಗ ಅತ್ತೆ ಕೈಮುಗಿದರು. ನಾನು ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಯಾರೂ ಒರಟಾಗಿ ಮಾತಾಡಲಿಲ್ಲ. "ಈಗ ಬೇರೆ ಕಡೆ ಹೊಂದಿಕೆ ಆಗಿದೆ ಅಲ್ವಾ ಅಕ್ಕಾ, ನೋಡುವ" ಎಂದರು. ಮಧ್ಯಾಹ್ನದವರೆಗೂ ಗೇಟಿನತ್ತ ನೋಡುತ್ತಾ ಕುಳಿತೆ.

ಊಟದ ಹೊತ್ತಿಗೆ ಒಂದು ಟೆಂಪೊ ಬಂದು ನಿಂತಿತು. ಇಳಿದವನು ಅವನೇ.

"ಪ್ಲಾಂಟ್ ಸುರು ಆಯ್ತಂತೆ, ಒಳ್ಳೇದಾಯ್ತು ಅಕ್ಕಾ. ಒಂದು ಲೋಡು ಬೇಕಿತ್ತು. ಹಣ ಮಾತ್ರ ಸ್ವಲ್ಪ ಆಮೇಲೆ ಕೊಡ್ತೇನೆ, ಆಗ್ಬಹುದಲ್ಲ?"

ಎರಡು ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂತು. ಹಿಂದೆ ತಿರುಗಿದೆ. ಗಡ್ಡೆಗಳ ಬುಡದಲ್ಲಿ ನೀರು ಜಿನುಗಿ ಅಂಗಳಕ್ಕೆ ಹರಿಯುತ್ತಿತ್ತು. ಬೆಳಗಿನಿಂದ ಬಂದ ಗಿರಾಕಿ ಅವನೊಬ್ಬನೇ.

"ತುಂಬಿಸಿ" ಎಂದೆ ಕೆಲಸದವರಿಗೆ.