ಸಾವಿನ ಮನೆಯಲ್ಲಿ ಕೇಳುವ ಕೆಲಸ

ಕೋವಿಡ್ ಕಳೆದ ಎರಡನೇ ವರ್ಷ. ನಾನಾಗ ದೊಡ್ಡಬಳ್ಳಾಪುರದಲ್ಲಿ ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಸೇವಾ ಕ್ಲಬ್ಬುಗಳ ಸುದ್ದಿ ನಮ್ಮ ಪಾಲಿಗೆ ದಿನನಿತ್ಯದ್ದು. ಜುಲೈನಲ್ಲಿ ಪದಗ್ರಹಣ, ಆಮೇಲೆ ರಕ್ತದಾನ ಶಿಬಿರ, ನೋಟ್‌ಬುಕ್ ವಿತರಣೆ. ಹಳೆಯ ಅಧ್ಯಕ್ಷರು ಹೊಸಬರ ಕೊರಳಿಗೆ ಪದಕದ ಪಟ್ಟಿ ಹಾಕುವ ಫೋಟೊ, ಅದರಡಿ ನಾಲ್ಕು ಸಾಲು. ಅಷ್ಟೇ.

ನಮ್ಮೂರಿನ ಒಂದು ಕ್ಲಬ್ಬು ಮಾತ್ರ ಬೇರೆ ಕಾರಣಕ್ಕೆ ಹೆಸರಾಗಿತ್ತು. ಸುತ್ತಮುತ್ತ ಯಾರಾದರೂ ತೀರಿಕೊಂಡರೆ ಆ ಮನೆಗೆ ಹೋಗಿ ನೇತ್ರದಾನಕ್ಕೆ ಒಪ್ಪಿಸುವುದು ಅದರ ಕೆಲಸ. ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ತೆಗೆದರೆ ಅದನ್ನು ಇನ್ನೊಬ್ಬರಿಗೆ ಹಾಕಬಹುದು. ತೀರಿಕೊಂಡವರು ಮೊದಲೇ ಒಪ್ಪಿ ಸಹಿ ಹಾಕಿದ್ದರೂ ಮನೆಯವರು ಹೂಂ ಅನ್ನಲೇಬೇಕು. ಹಾಗಾಗಿ ಯಾರಾದರೂ ಹೋಗಿ ಕೇಳಬೇಕು.

ಕೇಳುತ್ತಿದ್ದವರು ಒಬ್ಬರೇ, ಕ್ಲಬ್ಬಿನ ಸ್ಥಾಪಕ ಚನ್ನೇಗೌಡರು. ಬಸ್ ನಿಲ್ದಾಣದ ಬಳಿ ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ವರ್ಷಕ್ಕೊಬ್ಬರು ಅಧ್ಯಕ್ಷರಾಗುತ್ತಿದ್ದರು, ಸಾವಿನ ಮನೆಯೊಳಗೆ ಹೋಗುತ್ತಿದ್ದವರು ಮಾತ್ರ ಗೌಡರೇ. ಜೊತೆಗೆ ಬಂದವರನ್ನೆಲ್ಲ ಗೇಟಿನಾಚೆ ನಿಲ್ಲಿಸುತ್ತಿದ್ದರು. “ಗುಂಪಾಗಿ ಹೋದ್ರೆ ಸಾಲ ವಸೂಲಿಗೆ ಬಂದಂಗಿರ್ತದೆ ಕಣ್ರಲಾ, ಇಲ್ಲೇ ನಿಂತ್ಕೊಳ್ಳಿ” ಅನ್ನುತ್ತಿದ್ದರು. ವರದಿಗೆಂದು ಹೋದ ನಾನೂ ಆಚೆಯೇ. ಒಳಗೆ ಅವರು ಯಾವ ಮಾತಿನಿಂದ ಶುರು ಮಾಡುತ್ತಾರೆ, ಬೇಡವೆಂದವರಿಗೆ ಏನು ಹೇಳುತ್ತಾರೆ ಎಂಬುದು ಕ್ಲಬ್ಬಿನ ಯಾರಿಗೂ ಗೊತ್ತಿರಲಿಲ್ಲ.

ಆ ಜುಲೈನಲ್ಲಿ ಸಾದಿಕ್ ಅಧ್ಯಕ್ಷರಾದರು. ಪವರ್‌ಲೂಮ್ ಬಿಡಿಭಾಗಗಳ ವ್ಯಾಪಾರಿ, ನಲವತ್ತರ ಆಸುಪಾಸು, ಗೌಡರೇ ಕ್ಲಬ್ಬಿಗೆ ಕರೆತಂದವರು. ಪದಗ್ರಹಣವಾಗಿ ಎರಡು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ, ಚನ್ನೇಗೌಡರು ಹೃದಯಾಘಾತದಿಂದ ಮನೆಯಲ್ಲೇ ತೀರಿಕೊಂಡರು.

ನಾನು ಅವರ ಮನೆ ತಲುಪಿದಾಗ ಹತ್ತೂಕಾಲು. ಅಂಗಳದಲ್ಲಿ ಸಾದಿಕ್ ಮತ್ತು ಕಾರ್ಯದರ್ಶಿ ರಾಜಣ್ಣ ಶ್ರದ್ಧಾಂಜಲಿ ಫ್ಲೆಕ್ಸಿನ ಫೋಟೊಗಾಗಿ ವಾದ ಮಾಡುತ್ತಿದ್ದರು.

“ಇದು ಬೇಡ ಕಣೋ. ಮೀಸೆಗೆ ಬಣ್ಣ ಹಚ್ಕೊಂಡಿದ್ದ ವರ್ಷದ್ದು. ಗುರ್ತೇ ಸಿಗಲ್ಲ” ಎಂದರು ರಾಜಣ್ಣ.

“ಗೌಡ್ರಿಗೆ ಇದೇ ಇಷ್ಟ ಇತ್ತಲ್ಲಾ” ಎಂದರು ಸಾದಿಕ್.

ನಿಧನ ವಾರ್ತೆಗೆ ಬೇಕಾದ ವಿವರಗಳನ್ನು ಕೇಳಿದೆ. ವಯಸ್ಸು, ಮಕ್ಕಳು, ಮಣ್ಣು ಎಲ್ಲಿ, ಎಷ್ಟು ಹೊತ್ತಿಗೆ. ಕೊನೆಗೆ, ಉತ್ತರ ಗೊತ್ತೇ ಇದೆ ಎಂಬಂತೆ, “ಕಣ್ಣು ತೆಗೆದದ್ದು ಎಷ್ಟು ಹೊತ್ತಿಗೆ?” ಎಂದೆ.

ರಾಜಣ್ಣ ಸಾದಿಕ್ ಮುಖ ನೋಡಿದರು. ಸಾದಿಕ್ ನನ್ನ ಮುಖ ನೋಡಿದರು.

“ಮನೆಯವರೇ ಫೋನ್ ಮಾಡಿರ್ತಾರೆ ಅಂದ್ಕೊಂಡೆ ಸಾರ್. ಗೌಡ್ರ ಮನೆಗೆ ನಾವು ಹೇಳ್ಬೇಕಾ?” ಎಂದರು ಸಾದಿಕ್.

ಮೂವರೂ ಬಾಗಿಲ ಬಳಿ ಹೋಗಿ ನೋಡಿದೆವು. ದೇಹದ ನೆತ್ತಿಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಗಾಳಿಗೆ ಕಾರ್ನಿಯಾ ಒಣಗುತ್ತದೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಬೇಕು. ಇಲ್ಲಿ ಯಾವುದೂ ಆಗಿರಲಿಲ್ಲ.

ಸಾದಿಕ್ ಕೂಡಲೇ ಬೆಂಗಳೂರಿನ ನೇತ್ರ ಬ್ಯಾಂಕಿಗೆ ಫೋನ್ ಮಾಡಿದರು. ಮನೆಯವರು ಒಪ್ಪಿದ್ದರೆ ಈಗಲೇ ಹೊರಡುತ್ತೇವೆ, ಒಂದೂವರೆ ಗಂಟೆಯಲ್ಲಿ ಅಲ್ಲಿರುತ್ತೇವೆ ಎಂದರು ಬ್ಯಾಂಕಿನವರು. ಗೌಡರು ಹೋಗಿದ್ದು ಏಳಕ್ಕೆ, ಮಧ್ಯಾಹ್ನ ಒಂದು ದಾಟಿದರೆ ಪ್ರಯೋಜನವಿಲ್ಲ.

“ನೀವೇ ಕೇಳ್ಬಿಡಿ ಸಾರ್. ಪ್ರೆಸ್ಸಿನೋರು, ಮಾತಿಗೆ ತೂಕ ಇರ್ತದೆ” ಎಂದರು ರಾಜಣ್ಣ.

“ಬರೆಯೋನು ನಾನು. ಕೇಳೋರು ನೀವು” ಎಂದೆ.

“ಈ ಮನೇಲಿ ಅನ್ನ ತಿಂದೋನು ಸಾರ್ ನಾನು” ಎಂದರು ಸಾದಿಕ್. “ಏನಂತ ಬಾಯಿ ಬಿಡ್ಲಿ?” ಆದರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಈ ಸಲ ಆಚೆ ನಿಲ್ಲಿ ಅನ್ನುವವರು ಇರಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

ಗೌಡರ ಹೆಂಡತಿ ಜಯಮ್ಮ ಗೋಡೆಗೆ ಒರಗಿ ಕೂತಿದ್ದರು. ಸಾದಿಕ್ ಎದುರಿಗೆ ನೆಲದ ಮೇಲೆ ಕೂತರು. “ಅಕ್ಕಾ, ನೇತ್ರದಾನ ಅನ್ನೋದು ಶ್ರೇಷ್ಠವಾದ...” ಎಂದು ಕರಪತ್ರದ ಮಾತು ತೆಗೆದವರು ಅಲ್ಲಿಗೇ ನಿಲ್ಲಿಸಿದರು. “ನಂಗೆ ಕೇಳಕ್ಕೆ ಬರಲ್ಲ ಅಕ್ಕಾ. ಗೌಡ್ರು ಹೇಳ್ಕೊಡ್ಲಿಲ್ಲ. ಅವರ ಕಣ್ಣು ಕೇಳಕ್ಕೆ ಬಂದಿದೀನಿ.”

ಪಕ್ಕದಲ್ಲಿದ್ದ ಗೌಡರ ಅಣ್ಣ ಮುನೇಗೌಡರು ಸಿಡುಕಿದರು. “ಏನಪ್ಪಾ, ಮಣ್ಣಿಗೆ ಹೋಗೋ ಮುಖಕ್ಕೆ ಕತ್ತರಿ ಹಾಕ್ತೀರಾ?”

“ಮುಖ ಹಂಗೇ ಇರ್ತದೆ ಗೌಡ್ರೇ. ಅರ್ಧ ಗಂಟೆ ಸಾಕು. ನಾನಿಲ್ಲೇ ಕೂತಿರ್ತೀನಿ.”

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ನೀವು ಸುಮ್ಕಿರಿ ಭಾವ” ಎಂದು ಸಾದಿಕ್ ಕಡೆ ತಿರುಗಿದರು. “ಬೆಳಗಿಂದ ಕ್ಲಬ್ಬಿನೋರು ಇಷ್ಟು ಜನ ಬಂದ್ರಿ. ಹಾರ ಹಾಕಿದ್ರಿ, ಕೈ ಮುಗುದ್ರಿ. ಒಬ್ಬರಾದ್ರೂ ಕೇಳ್ತೀರೇನೋ ಅಂತ ನೋಡ್ತಾ ಕೂತಿದೀನಿ. ತಗೊಂಡ್ಹೋಗ್ರಪ್ಪಾ ಅಂತ ಕಟ್ಕೊಂಡೋಳು ತಾನಾಗೇ ಹೆಂಗೆ ಹೇಳ್ತಾಳೆ? ಕೇಳೋದು ನಿಮ್ ಕೆಲ್ಸ ಅಲ್ವಾ?”

ಸಾದಿಕ್ ಕಣ್ಣೊರೆಸಿಕೊಂಡರು.

“ಅಳ್ಬೇಡ, ಏಳು. ಆ ಫ್ಯಾನ್ ಆರ್ಸು ಮೊದ್ಲು” ಎಂದರು ಜಯಮ್ಮ.

ತಂಡ ಹನ್ನೆರಡು ದಾಟಿದ ಮೇಲೆ ಬಂತು, ಸಮಯ ಮೀರುವ ಮುನ್ನ ಕೆಲಸ ಮುಗಿಸಿತು. ಸಾದಿಕ್ ಕೊನೆಯವರೆಗೂ ಅಲ್ಲೇ ಕೂತಿದ್ದರು. ಸಂಜೆ ಗೌಡರ ಹೊಲದಲ್ಲಿ ಮಣ್ಣು ನಡೆಯಿತು. ನಾನು ಎಂದಿನಷ್ಟೇ ಉದ್ದದ ಸುದ್ದಿ ಕಳಿಸಿದೆ. ಮನೆಯೊಳಗಿನ ಮಾತುಗಳನ್ನು ಅಂದು ಬರೆಯಲಿಲ್ಲ. ಈಗ ಜಯಮ್ಮನವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಆಗಿಯೇ ಇರುತ್ತದೆ ಎಂದು ಎಲ್ಲರೂ ನಂಬಿರುವುದನ್ನೇ ಮೊದಲು ವಿಚಾರಿಸಬೇಕು ಎಂದು ವರದಿಗಾರನಾದ ನನಗೆ ಆ ದಿನ ಕಲಿಸಿತು. ಪದಗ್ರಹಣಗಳ ವಿಷಯದಲ್ಲೂ ಒಂದು ರೂಢಿ ಬಂತು. ಹೊಸ ಅಧ್ಯಕ್ಷರ ಹೆಸರು ಬರೆದುಕೊಂಡ ಮೇಲೆ, ಆ ಕ್ಲಬ್ಬಿನ ನಿಜವಾದ ಕೆಲಸ ಯಾರ ಕೈಯಲ್ಲಿದೆ, ಅದನ್ನು ಇನ್ಯಾರಿಗೆ ಕಲಿಸಿದ್ದಾರೆ ಎಂದು ಕೇಳುತ್ತೇನೆ. ಬಹಳ ಕಡೆ ಉತ್ತರ ಸಿಗುವುದಿಲ್ಲ.

ಈ ಕ್ಲಬ್ಬಿನಲ್ಲಿ ಸಿಕ್ಕಿತು. ಗೌಡರು ತೀರಿಕೊಂಡ ಮರುತಿಂಗಳು ಕುಂದಾಣದ ಕಡೆಯ ಒಂದು ಸಾವಿನ ಮನೆಗೆ ಸಾದಿಕ್, ರಾಜಣ್ಣರ ಜೊತೆ ಹೋಗಿದ್ದೆ. ರಾಜಣ್ಣ ಅಭ್ಯಾಸದಂತೆ ಗೇಟಿನ ಬಳಿ ನಿಂತರು. ಸಾದಿಕ್ ತಿರುಗಿ ನೋಡಿ, “ಅಲ್ಯಾಕೆ ನಿಂತೆ? ಒಳಗ್ ಬಾ. ನಾನು ಕೇಳೋದನ್ನ ನೋಡ್ಕೊ, ಮುಂದಿನ್ ಸಲ ನೀನೇ ಕೇಳ್ಬೇಕು” ಎಂದರು.

“ನನ್ ಕೈಲಾಗಲ್ಲ ಬಿಡು ಗುರು. ನೀನಿದೀಯಲ್ಲ.”

“ಲೇ, ನಾನ್ ಹೋದ್ರೆ ನಮ್ಮನೇಲಿ ಯಾರ್ಲಾ ಕೇಳೋರು?”