ಮನೆಮನೆಗೆ ಬಂದು ಕೇಳಿದ ನರ್ಸಮ್ಮ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ! ಹೆರಿಗೆ ನೋವು ಬರುವ ಮೊದಲೇ ಗರ್ಭದ ನೀರು ಹೋಗಿತ್ತು. ಕಾಯದೆ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಆಗ ನೆನಪಾದವರು ಹಿಂದೆ ನಮ್ಮೂರು ಬಿ.ದುರ್ಗಕ್ಕೆ ಬರುತ್ತಿದ್ದ ನರ್ಸಮ್ಮ.

ನಾನಾಗ ಊರಿನ ಸೂಲಗಿತ್ತಿಯರಲ್ಲೇ ಚಿಕ್ಕವಳು. ಬಸುರಿಯನ್ನು ಯಾವಾಗ ಆಸ್ಪತ್ರೆಗೆ ಕಳಿಸಬೇಕು ಎಂದು, ಡಾಕ್ಟರೊಬ್ಬರ ಸಂಶೋಧನೆಗಾಗಿ ನರ್ಸಮ್ಮ ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿ ಕೇಳಿದರು. "ನೀರು ಹೋದ್ರೆ ಏನಾತು, ಕಾಯ್ರಿ" ಎಂದಳು ನಮ್ಮಲ್ಲೇ ದೊಡ್ಡ ಸೂಲಗಿತ್ತಿಯಾದ ಹಿರಿಯಜ್ಜಿ. ಅವಳಿಗೆ ಎದುರಾಡಲಾಗದೆ ಎಲ್ಲರೂ ಹೌದೆಂದು ತಲೆಯಾಡಿಸಿದೆವು, ನಾನೂ ಸಹ.

ನರ್ಸಮ್ಮ ಪುಸ್ತಕ ಮುಚ್ಚಿದರು. ಮಾರನೇ ದಿನದಿಂದ ಒಬ್ಬೊಬ್ಬರ ಮನೆಗೇ ಬಂದು, ಒಲೆ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬರೆದುಕೊಂಡರು. ಕಾಯಬಾರದು ಎಂದು ನಾನು ಅಂದದ್ದು ಅಲ್ಲಿಯೇ. ಮತ್ತೆ ಬಂದು, ಎಲ್ಲರ ಮಾತನ್ನೂ ಹೆಸರಿಲ್ಲದೆ ಓದಿ ಹೇಳಿ, ಪುನಃ ಕೇಳುತ್ತಿದ್ದರು. ಯಾರ ಮಾತು ಎಂದರೆ ಒಂದೇ ಉತ್ತರ: "ಯಾರಂದ್ರು ಅನ್ನೋದು ಬಿಡ್ರಿ, ಏನಂದ್ರು ಅನ್ನೋದು ಕೇಳ್ರಿ."

ಹೀಗೆ ಮೂರನೇ ಸುತ್ತು ಮುಗಿದ ಮೇಲೆ ಹಿರಿಯಜ್ಜಿ ನನಗೇ ಹೇಳಿದಳು: "ಕಾಯಬ್ಯಾಡ್ರಿ ಅಂದೋಳು ಯಾವಳೋ, ಬುದ್ಧಿ ಐತೆ ಕಣೇ ಅವಳಿಗೆ. ನರ್ಸಮ್ಮಂಗೆ ನಂದೂ ಅದೇ ಬರ್ಕಳ್ರಿ ಅಂದೆ."

"ಹೌದು ಬಿಡಜ್ಜಿ" ಎಂದು ಅವಳಿಗೆ ಎಲೆಅಡಿಕೆ ಮಡಿಚಿ ಕೊಟ್ಟೆ.

ಇವತ್ತು ಸಂಜೆ ಮನೆಮಂದಿಯೆಲ್ಲ ಮುದ್ದೆ, ಅವರೆಕಾಳು ಸಾರು ಉಣ್ಣುವಾಗ, ಇದನ್ನೆಲ್ಲ ಹೇಳಿ, ಕಾಯಬ್ಯಾಡ್ರಿ ಅಂದೋಳು ನಾನೇ ಎಂದುಬಿಟ್ಟೆ. "ಅವ್ವ, ನಿನ್ನ ಬಾಯಾಗೆ ಇಷ್ಟು ವರ್ಷ ಗುಟ್ಟು ನಿಂತಿತ್ತಾ!" ಎಂದು ಮಗ ನಗುತ್ತ ಇನ್ನೊಂದು ಮುದ್ದೆ ಹಾಕಿದ. ಬೇಡವೆನ್ನದೆ ಉಂಡೆ.