ಬೆನ್ನುಬ್ಬಿದ ಲ್ಯಾಪ್‌ಟಾಪ್

ರೋಣದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾದಾಗ ಅವನ್ನು ಕೇಳಿ ಪಡೆದವಳು ನಾನೇ. ಗುಂಡಿ ಒತ್ತಿ, ಹೋಗಿ ಚಹಾ ಕುಡಿದು ಬಂದರೂ ಪರದೆ ಬೆಳಗದಂಥ ಯಂತ್ರಗಳು ಅವು. ಒಳಗಿನ ಭಾರದ ಆಪರೇಟಿಂಗ್ ವ್ಯವಸ್ಥೆಯನ್ನೆಲ್ಲ ಅಳಿಸಿ, ಪುಕ್ಕಟೆ ಸಿಗುವ ಹಗುರವಾದ ಲಿನಕ್ಸ್ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಾಲೂ ಆಗತೊಡಗಿದವು. ಸುತ್ತಲಿನ ಊರುಗಳಲ್ಲಿ ಬೇಕೆಂದವರಿಗೆ ಒಂದೊಂದಾಗಿ ಕೊಟ್ಟೆ. ಆ ದಿನಗಳಲ್ಲಿ ನನಗೆ ಕಾಣುತ್ತಿದ್ದುದು ಬೆಳಗುವ ಪರದೆ ಮಾತ್ರ. ಅದರ ಹಿಂದಿನ ಬ್ಯಾಟರಿಗೂ ಅಷ್ಟೇ ವಯಸ್ಸಾಗಿತ್ತು.

ಒಂದು ಹೋದದ್ದು ಗಜೇಂದ್ರಗಡಕ್ಕೆ, ಕೈಮಗ್ಗದ ಮನೆಯೊಂದರ ಸೊಸೆಗೆ. ಅವಳ ಬಳಿ ನಾನು ಸೀರೆ ಕೊಳ್ಳುತ್ತಿದ್ದೆ. ನೇಯ್ದ ಸೀರೆಗಳ ಫೋಟೊ ತೆಗೆದು ದೂರದ ಗಿರಾಕಿಗಳಿಗೆ ಕಳಿಸುತ್ತಿದ್ದಳು. ಮೊಬೈಲಿನ ಸಣ್ಣ ಪರದೆಯಲ್ಲಿ ಅಂಚಿನ ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂಬುದು ಅವಳ ಕೊರಗಾಗಿತ್ತು. ಲ್ಯಾಪ್‌ಟಾಪ್ ಸಿಕ್ಕ ಮೇಲೆ ಅದನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡಳು.

ಬಿಸಿಲು ಏರತೊಡಗಿದಾಗ ಒಮ್ಮೆ ಫೋನ್ ಮಾಡಿ, ಬೆರಳಾಡಿಸುವ ಟಚ್‌ಪ್ಯಾಡ್ ಒತ್ತಿದರೆ ಒಳಗೆ ಹೋಗುತ್ತಿಲ್ಲ ಎಂದಳು. ಹತ್ತಿಯ ಧೂಳು ಸೇರಿರಬೇಕು, ಬಂದಾಗ ನೋಡುತ್ತೇನೆ ಎಂದೆ. ಕೆಲವು ದಿನಗಳ ನಂತರ, ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಮತ್ತೆ ಫೋನ್ ಬಂತು.

"ಅಕ್ಕಾರ, ಈಗ ಮುಚ್ಚಳಾನೂ ಕೂಡವಲ್ದ್ರಿ. ದಿನ ತುಂಬಿದ ಬಸುರಿ ಆದಂಗ ಆಗೇತ್ರಿ ಅದು," ಎಂದು ನಕ್ಕಳು.

ಉಬ್ಬಿದ್ದು ಒಳಗಿನ ಬ್ಯಾಟರಿ, ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು ಎಂದು ಹೊಳೆದು ಊಟ ಬಿಟ್ಟೆದ್ದೆ. "ಚಾರ್ಜಿಗೆ ಹಚ್ಚೀಯೇನು?"

"ಯಾವಾಗ್ಲೂ ಹಚ್ಚೇ ಇರತೇತ್ರಿ."

"ಮೊದಲ ಬಟನ್ ಬಂದ್ ಮಾಡು. ಅದನ್ನ ಒತ್ತಬ್ಯಾಡ, ಬಿಚ್ಚಬ್ಯಾಡ. ಮನಿ ಒಳಗ ಇಡಬ್ಯಾಡ."

"ಏನಂದ್ರಿ? ಮಗ್ಗದ ಸಪ್ಪಳದಾಗ ಕೇಳವಲ್ದ್ರಿ..." ಮಾತು ಕಡಿಯಿತು. ಮತ್ತೆ ಮತ್ತೆ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು.

ಸಿಕ್ಕ ಬಸ್ ಹತ್ತಿದೆ. ಜಕ್ಕಲಿಯಲ್ಲಿ ಡ್ರೈವರ್ ಇಳಿದು ಯಾರೊಂದಿಗೋ ಮಾತಿಗೆ ನಿಂತ. ಕಡಲೆ ಕಿತ್ತ ಕರಿ ಹೊಲಗಳ ಮೇಲೆ ಬಿಸಿಲು ಅಲೆಯಂತೆ ನಡುಗುತ್ತಿತ್ತು. ಮುಂದೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಕಂಡವು. ಒಂದೂ ತಿರುಗುತ್ತಿರಲಿಲ್ಲ. ಫೋನ್ ಆಗಲೂ ಯಾರೂ ಎತ್ತಲಿಲ್ಲ.

ಅವಳ ಓಣಿಗೆ ಕಾಲಿಟ್ಟಾಗ ಮಗ್ಗದ ಸದ್ದು ಕೇಳಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಅರೆಗತ್ತಲು. ಮಗ್ಗದ ಪಕ್ಕ ಚಾಪೆಯ ಮೇಲೆ ಅವಳ ಮಾವ ಮಲಗಿದ್ದರು. ಅವರ ತಲೆಯ ಹತ್ತಿರದ ಬೆಂಚಿನ ಮೇಲೆ ನೂಲಿನ ಲಡಿಗಳ ರಾಶಿ, ಅದಕ್ಕೆ ತಾಗಿಕೊಂಡು ಲ್ಯಾಪ್‌ಟಾಪ್. ಅದರ ಮುಚ್ಚಳದ ಮೇಲೆ ಕಬ್ಬಿಣದ ಹಳೆಯ ಇಸ್ತ್ರಿ ಪೆಟ್ಟಿಗೆ. ಚಾರ್ಜರಿನ ದೀಪ ಇನ್ನೂ ಉರಿಯುತ್ತಿತ್ತು. ಸೋರುವ ಬ್ಯಾಟರಿಯ, ಕೊಳೆಯಲು ಹತ್ತಿದ ಹಣ್ಣಿನಂಥ ಸಿಹಿ ವಾಸನೆ ಮೂಗಿಗೆ ಬಡಿಯಿತು.

ಹಿತ್ತಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಅವಳು ಬಂದಳು. "ಅಯ್ಯ, ಅಕ್ಕಾರ! ಭಾರ ಹೇರೇನ್ರಿ, ತಗ್ಗತೇತೇನೋ ಅಂತ."

ನಾನು ನೇರ ಬೆಂಚಿನತ್ತ ಹೋದೆ. ಬಟನ್ ಬಂದ್ ಮಾಡಿ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿದೆ. ಮುಚ್ಚಳ ತಾನಾಗಿ ಮೇಲೆದ್ದಿತು, ನಿದ್ದೆಯಲ್ಲಿದ್ದವರ ಎದೆ ಏರಿದಂತೆ. ಅವಳ ಮುಖದ ನಗು ಆಗ ಮಾಯವಾಯಿತು.

"ಅಜ್ಜಾರ, ಹೊರಗ ಬರ್ರಿ," ಎಂದು ಮುದುಕರನ್ನು ಎಬ್ಬಿಸಿದೆ.

"ಯಾಕವಾ, ಏನಾತು?"

"ಆಮ್ಯಾಲೆ ಹೇಳ್ತೀನ್ರಿ. ಮೊದಲ ಏಳ್ರಿ."

ಅವರು ಕೂತಲ್ಲೇ ತಲೆಗೆ ಸುತ್ತುವ ರುಮಾಲು ಹುಡುಕತೊಡಗಿದರು. ಸೊಸೆ ರಟ್ಟೆ ಹಿಡಿದು ಎಬ್ಬಿಸಿ, ಬರಿದಲೆಯಲ್ಲೇ ಓಣಿಗೆ ಕರೆದೊಯ್ದಳು. ಒಲೆಯ ಬಳಿಯಿದ್ದ ರೊಟ್ಟಿ ಬೇಯಿಸುವ ಹಂಚು ತಂದು, ಅದರ ಮೇಲೆ ಲ್ಯಾಪ್‌ಟಾಪ್ ಸರಿಸಿಕೊಂಡು ನಾನೂ ಹೊರಬಿದ್ದೆ. ಹಂಚಿನ ಮೂಲಕವೂ ಕೈಗೆ ಬಿಸಿ ತಾಗುತ್ತಿತ್ತು. ಎದುರು ಮನೆ ಕಟ್ಟಲು ಸುರಿದಿದ್ದ ಉಸುಕಿನ ಮೇಲೆ ಅದನ್ನು ಇಟ್ಟು ದೂರ ಸರಿದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮಂದಿ ಕೂಡಿದರು. "ಏನೂ ಆಗ್ಲಿಲ್ಲಲ್ರಿ," ಎಂದು ಅವಳು ಒಂದು ಹೆಜ್ಜೆ ಮುಂದಿಟ್ಟಳು. ನಾನು ಅವಳ ಸೆರಗು ಹಿಡಿದು ಹಿಂದಕ್ಕೆಳೆದೆ. ಅಷ್ಟರಲ್ಲೇ ಹಾವು ಬುಸುಗುಟ್ಟಿದಂಥ ಸದ್ದು. ಬಿಳಿ ಹೊಗೆ ಒಮ್ಮೆಲೇ ಎದ್ದಿತು, ಅದರ ಬೆನ್ನಿಗೇ ಬೆಂಕಿಯ ನಾಲಿಗೆ ಪಕ್ಕಕ್ಕೆ ಚಿಮ್ಮಿತು. ಆರಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿತು. "ಹೊಗಿ ಕುಡೀಬ್ಯಾಡ್ರಿ, ದೂರ ನಿಲ್ರಿ," ಎಂದು ಎಲ್ಲರನ್ನೂ ತಡೆಯುತ್ತ ನಿಂತೆ.

ಅವಳು ಬೆಂಕಿಯತ್ತ ನೋಡಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು ಒಳಗಿನ ಚಾಪೆಯನ್ನೇ ನೋಡುತ್ತಿದ್ದಳು. "ಮಾವಾರು ಅಲ್ಲೇ ಮಲಗಿದ್ರಲ್ರಿ... ನಾ ಹಿತ್ತಲದಾಗ ಅರಿವಿ ಒಗಿಯಾಕತ್ತಿದ್ನಿ," ಎಂದು ಹೇಳಿದ್ದನ್ನೇ ಹೇಳಿದಳು. ಮುದುಕರು ಬರಿದಲೆಯನ್ನು ಸವರಿಕೊಳ್ಳುತ್ತ ನಿಂತಿದ್ದರು.

ಮುಂದೆ ಅವಳಿಗೆ ಬ್ಯಾಟರಿಯೇ ಇಲ್ಲದ, ಮೇಜಿನ ಮೇಲಿಡುವ ಹಳೆಯ ಕಂಪ್ಯೂಟರ್ ಒಂದನ್ನು ಸರಿಮಾಡಿ ಕೊಟ್ಟೆ. ಬಹಳ ಯೋಚಿಸಿ ತೆಗೆದುಕೊಂಡಳು. ಅದು ಚಾಲೂ ಇರುವಾಗ ಅವಳ ಮಾವ ಈಗಲೂ ಹೊರಗಿನ ಕಟ್ಟೆಯ ಮೇಲೇ ಕೂರುತ್ತಾರೆ.

ನಾನು ಕೊಟ್ಟ ಲ್ಯಾಪ್‌ಟಾಪ್‌ಗಳನ್ನೆಲ್ಲ ಹುಡುಕಿಕೊಂಡು ಹೋದೆ. ಬೆಳವಣಕಿಯಲ್ಲಿ ಒಂದರ ಬ್ಯಾಟರಿ ಆಗಲೇ ಉಬ್ಬಿತ್ತು. ಅದನ್ನು ಬಯಲಿಗೆ ಒಯ್ದು ಬಿಚ್ಚಿದೆ. ಉಳಿದವುಗಳ ಬ್ಯಾಟರಿಯನ್ನೂ ತೆಗೆದೆ. ನೇರವಾಗಿ ಕರೆಂಟಿನ ಮೇಲೆ ಅವು ಚೆನ್ನಾಗಿಯೇ ನಡೆಯುತ್ತಿವೆ. ಸಿಗದೆ ಉಳಿದದ್ದು ನರಗುಂದದ್ದೊಂದೇ. ಅಲ್ಲಿ ಝೆರಾಕ್ಸ್ ಅಂಗಡಿಯವರೊಬ್ಬರಿಗೆ ಕೊಟ್ಟಿದ್ದೆ. ನಾನು ಹೋಗುವಷ್ಟರಲ್ಲಿ ಅವರು ಅದನ್ನು ಕೊಣ್ಣೂರಿನ ಕಡೆಯ ಯಾರಿಗೋ ಕೊಟ್ಟುಬಿಟ್ಟಿದ್ದರು. ಒಯ್ದವರು ದಾರಿಯಲ್ಲಿ ಪರಿಚಯವಾದವರಂತೆ, ಹೆಸರೂ ಕೇಳಿರಲಿಲ್ಲವಂತೆ.

"ಕೊಡೂವಾಗ ಹ್ಯಾಂಗಿತ್ರಿ ಅದು?" ಎಂದು ಕೇಳಿದೆ.

"ಭಾಳ ಚಲೋ ಇತ್ರಿ, ಮೇಡಂ," ಎಂದರು ಅವರು. "ಕೆಳಗ ಸ್ವಲ್ಪ ಉಬ್ಬಿತ್ತು, ಅಷ್ಟ."